ನಾಲ್ಕನೇ ಸಾಲಿನ ಹದಿನೇಳನೇ ಗಿಡ

ಆ ಮನುಷ್ಯ ಅರ್ಧ ತಾಸು ಮಾತಾಡಿದ್ದ. ಅದರಲ್ಲಿ ಹೆಚ್ಚಿನದು ತನ್ನ ಕಿವಿಗೇ ಬಿದ್ದಿಲ್ಲ ಎಂಬುದನ್ನು ರಾಜಮತಿ ತನ್ನ ಡೈರಿಗೆ ಬಿಟ್ಟರೆ ಇನ್ಯಾರಿಗೂ ಹೇಳುವಂತಿರಲಿಲ್ಲ.

'ಇವತ್ತು ಅವರು ಏನೇನೋ ಹೇಳಿದರು. ನಾನು ಎಲ್ಲದಕ್ಕೂ ಹೂಂ ಅಂದೆ' ಎಂದು ಬರೆದಳು. ಆಮೇಲೆ ಸಣ್ಣ ಅಕ್ಷರದಲ್ಲಿ ಸೇರಿಸಿದಳು: 'ಯಾವುದಕ್ಕೆ ಹೂಂ ಅಂದೆ ಅಂತ ನನಗೇ ಗೊತ್ತಿಲ್ಲ. ಅವರ ಎಡಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗುರುತಿದೆ. ಅದು ಮಾತ್ರ ಗೊತ್ತು.'

ಚಿಕ್ಕೋಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಪಾಸಾದ ಹುಡುಗಿ ಅವಳು. ಮೂರು ವರ್ಷದಲ್ಲಿ ಒಮ್ಮೆಯೂ ಕ್ಲಾಸಿನಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದವಳಲ್ಲ. ಉತ್ತರ ಗೊತ್ತಿಲ್ಲವೆಂದಲ್ಲ. ಮಾತು ಗಂಟಲಿನಿಂದ ತುಟಿಗೆ ಬರುವಷ್ಟರಲ್ಲಿ ಬೇರೆ ಯಾರಾದರೂ ಹೇಳಿ ಮುಗಿಸಿರುತ್ತಿದ್ದರು. ಬೇಡಕಿಹಾಳದ ಮನೆಯಲ್ಲೂ ಅಷ್ಟೆ. ಅವಳ ಮಾತೆಲ್ಲ ಡೈರಿಯಲ್ಲಿತ್ತು.

ಅದು ೧೯೯೧ರ ದೀಪಾವಳಿ ಮುಗಿದ ವಾರ. ಅವಳ ಅಪ್ಪ ಭೂಪಾಲ ಪಾಟೀಲರಿಗೆ ಕಬ್ಬಿನ ಜೊತೆಗೆ ರಸ್ತೆಗೆ ಹತ್ತಿದ ಅರ್ಧ ಎಕರೆ ತರಕಾರಿಯ ಹೊಲವಿತ್ತು. ಎರಡು ವರ್ಷದಿಂದ ಅಲ್ಲಿ ಟೊಮ್ಯಾಟೊ ಕೈಗೆ ಬಂದಿರಲಿಲ್ಲ. ಗಿಡ ಒಂದು ಮಗ್ಗುಲಿನಿಂದ ಹಳದಿಯಾಗುತ್ತಿತ್ತು, ಮಧ್ಯಾಹ್ನ ಬಾಡುತ್ತಿತ್ತು, ಕಡೆಗೆ ನಿಂತಲ್ಲೇ ಸೊರಗಿ ಒಣಗುತ್ತಿತ್ತು. ಮಣ್ಣಿನಲ್ಲಿ ಕೂತ ಶಿಲೀಂಧ್ರವೊಂದು ಬೇರಿನಿಂದ ಒಳಹೊಕ್ಕು, ಕಾಂಡದಲ್ಲಿ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತಿತ್ತು.

ಅಂಥ ಹೊಲವನ್ನೇ ಹುಡುಕಿಕೊಂಡು ಬಂದವನು ಧನಪಾಲ. ಮುಗಳಖೋಡದ ಜೈನರ ಹುಡುಗ, ಧಾರವಾಡದಲ್ಲಿ ತರಕಾರಿಯ ರೋಗಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ.

"ಎಲ್ಲಾರೂ ಚೊಲೊ ಹೊಲಾ ಕೇಳತಾರ. ಈ ತಮ್ಮಾ ಜಡ್ಡಿನ ಹೊಲಾ ಕೇಳಾಕತ್ತಾನ" ಎಂದು ನಗುತ್ತಲೇ ಅಪ್ಪ ಒಪ್ಪಿದ್ದರು.

ಧನಪಾಲ ತಂದದ್ದು ಇನ್ನೂರಾ ನಲವತ್ತು ಸಸಿ. ಸೊರಗುವ ಜವಾರಿ ಟೊಮ್ಯಾಟೊಗೂ ಸೊರಗದ ಒಂದು ಸಣ್ಣ ಹಣ್ಣಿನ ತಳಿಗೂ ಸಂಬಂಧ ಬೆಳೆಸಿ, ಅವುಗಳ ಮೊಮ್ಮಕ್ಕಳನ್ನು ತಂದಿದ್ದ. ಒಂದೊಂದೇ ಸಸಿಯ ಬೇರನ್ನು ಆ ಶಿಲೀಂಧ್ರ ಬೆರೆಸಿದ ನೀರಿನಲ್ಲಿ ಅದ್ದಿ, ಹನ್ನೆರಡು ಸಾಲಿನಲ್ಲಿ ಇಪ್ಪತ್ತಿಪ್ಪತ್ತರಂತೆ ನೆಟ್ಟ. ರಾಜಮತಿಯ ಅಜ್ಜಿ ಲಕ್ಷ್ಮಿಬಾಯಿ ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಅವರಿಗೆ ತಡೆಯಲಾಗಲಿಲ್ಲ.

"ಅಲ್ಲೋ ತಮ್ಮಾ, ಬೇಕಂತನ ಜಡ್ಡ ಹಚ್ಚತೀಯಲ್ಲೊ. ಬಸದ್ಯಾಗ ಕೂತು ಅಹಿಂಸಾ ಕೇಳಿದವನ ಹೌದಿಲ್ಲೊ ನೀ?"

"ಕೇಳೇನ್ರಿ ಆಯಿ. ಜಡ್ಡ ತಡಕೊಳ್ಳೂ ಗಿಡಾ ಯಾವುದಂತ ಗೊತ್ತಾದ್ರ ಮುಂದ ಔಷಧ ಹೊಡೆಯೂದ ತಪ್ಪತೈತಿ. ಎಷ್ಟು ಜೀವಾ ಉಳೀತಾವ ನೋಡ್ರಿ."

"ಬಾಯಿ ಬಾಳ ಜೋರ ಐತಿ ನಿಂದು" ಎಂದ ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. "ಇಕಿದೂ ಸ್ವಲ್ಪ ಕೊಡು."

ಧನಪಾಲ ನಕ್ಕು ಅವಳತ್ತ ನೋಡಿದ. ಅವಳು ಸಸಿಯತ್ತ ನೋಡಿದಳು. ಆಮೇಲೆ ಅವನು ಅರ್ಧ ತಾಸು ಏನನ್ನೋ ವಿವರಿಸಿದ್ದು. ಮೂರು ದಿನಕ್ಕೊಮ್ಮೆ ಗಿಡ ನೋಡಿ ಬರೆದು ಕಳಿಸಬೇಕು ಎಂಬುದಷ್ಟು ಹೇಗೋ ಕಿವಿಯೊಳಗೆ ಉಳಿದಿತ್ತು. ಲೆಕ್ಕದ ಅರ್ಥ ಅವಳಿಗೆ ಕಾಲೇಜಿನಿಂದಲೇ ಗೊತ್ತಿತ್ತು. ನಾಲ್ಕಕ್ಕೆ ಒಂದು ಗಿಡ ಸತ್ತರೆ, ರೋಗ ತಡೆಯುವ ಶಕ್ತಿ ಒಂದೇ ಜೀನಿನಲ್ಲಿದೆ. ಹದಿನಾರಕ್ಕೆ ಒಂದೇ ಸತ್ತರೆ ಎರಡು ಜೀನುಗಳಿವೆ, ಎರಡರಲ್ಲಿ ಯಾವುದೊಂದಿದ್ದರೂ ಗಿಡ ಬದುಕುತ್ತದೆ. ಸತ್ತ ಗಿಡಗಳ ಎಣಿಕೆಯೇ ಅವನ ಸಂಶೋಧನೆಯ ಜೀವ.

ಮೊದಲ ಮೂರು ಕಾರ್ಡಿನಲ್ಲಿ ಅವಳು ಅಂಕಿ ಬಿಟ್ಟರೆ ಬೇರೆ ಏನೂ ಬರೆಯಲಿಲ್ಲ. ಸೊರಗಿದ್ದು: ಸೊನ್ನೆ. ಸೊರಗಿದ್ದು: ಸೊನ್ನೆ. ಸೊರಗಿದ್ದು: ಸೊನ್ನೆ.

ನಾಲ್ಕನೆಯದರಲ್ಲಿ ಕೈ ಸ್ವಲ್ಪ ಜಾರಿತು. 'ಸಾಲು ನಾಲ್ಕು, ಗಿಡ ಹದಿನೇಳು: ಮಧ್ಯಾಹ್ನ ತಲೆ ಬಾಗಿಸುತ್ತದೆ. ಸಂಜೆ ಎತ್ತುತ್ತದೆ. ಏನು ಬರೆಯಲಿ?'

ವಾರದೊಳಗೆ ಉತ್ತರ ಬಂತು. 'ಹದಿನೇಳನೇ ಗಿಡ ನಾಚಿಕೆಯ ಸ್ವಭಾವದ್ದು ಎಂದು ಬರೆಯಿರಿ. ಅಲ್ಲೇ ಯಾರನ್ನೋ ನೋಡಿ ಕಲಿತಿರಬೇಕು.'

ಪೋಸ್ಟ್ ಕಾರ್ಡಿಗೆ ಬಾಗಿಲಿಲ್ಲವಲ್ಲ. ಅಂಚೆಯ ಆಬಾಸಾಹೇಬ ಅದನ್ನು ದಾರಿಯಲ್ಲೇ ಓದಿ ಮುಗಿಸಿದ್ದ.

"ಅಕ್ಕಾರ, ನಿಮ್ಮ ಹದಿನೇಳನೇ ಗಿಡಾ ಹ್ಯಾಂಗೈತ್ರಿ? ಧಾರವಾಡದಾಗ ಬಾಳ ಕಾಳಜಿ ಮಾಡಾಕತ್ತಾರ" ಎಂದು ಸೈಕಲ್ ಇಳಿಯದೆಯೇ ಕೇಳಿದ. ರಾಜಮತಿಯ ಕಿವಿ ಬಿಸಿಯಾಯಿತು. ಕಾರ್ಡನ್ನು ಡೈರಿಯೊಳಗಿಟ್ಟಳು. ಅಂದು ಅದರಲ್ಲಿ ಬರೆದದ್ದು ಒಂದೇ ಸಾಲು: 'ಉತ್ತರ ಬರೆಯುವಾಗ ಅವರು ನಕ್ಕಿರಬೇಕು.'

ಆಮೇಲೆ ಬರೆಯಲು ದಾರಿ ಸಿಕ್ಕಿತು. ಗಿಡದ ನೆಪದಲ್ಲಿ ಅವಳು ಬೆಳಗಿನ ಇಬ್ಬನಿ ಬರೆದಳು, ಕಬ್ಬಿನ ಗಾಡಿಗಳ ಸಾಲು ಬರೆದಳು, ಅಜ್ಜಿಯ ಬೈಗುಳ ಬರೆದಳು. ಅವನು ಧಾರವಾಡದ ಚಳಿ ಬರೆದ, ಹಾಸ್ಟೆಲಿನ ನೀರುಸಾರು ಬರೆದ. 'ಹದಿನೇಳಕ್ಕೆ ನನ್ನ ನಮಸ್ಕಾರ ತಿಳಿಸಿರಿ' ಎಂದು ಬರೆದ. ಅವಳು ನಿಜವಾಗಿಯೂ ತಿಳಿಸಿ ಬಂದಳು. ಹೊಲದಲ್ಲಿ ಯಾರೂ ಇಲ್ಲದ್ದನ್ನು ನೋಡಿಕೊಂಡು.

ಡಿಸೆಂಬರಿನಲ್ಲಿ ಅಥಣಿಯ ಸೋದರತ್ತೆಯ ಮಗಳ ಮದುವೆ ಬಂತು. ಅಜ್ಜಿಯ ಜೊತೆಗೆ ರಾಜಮತಿ ಹತ್ತು ದಿನ ಮೊದಲೇ ಹೋಗಬೇಕಾಯಿತು. ಹೊರಡುವ ದಿನದ ಕಾರ್ಡಿನಲ್ಲಿ, 'ಎಲೆಗಳು ಹಳದಿಯಾಗುತ್ತಿವೆ. ಪೂರಾ ಸೊರಗಿದ್ದು ಇನ್ನೂ ಇಲ್ಲ. ಮದುವೆಗೆಂದು ಅಥಣಿಗೆ ಹೊರಟಿದ್ದೇವೆ' ಎಂದು ಬರೆದು ಹಾಕಿದಳು. ಮದುವೆಯ ಮನೆಯಲ್ಲಿ ಯಾರೋ ಅವಳ ಕೈಗೆ ಮೆಹಂದಿ ಹಚ್ಚುತ್ತ, "ಮುಂದಿಂದು ನಿಂದ ನೋಡು" ಎಂದರು. ಅವಳು ಕೈ ಹಿಂದೆ ಎಳೆದುಕೊಳ್ಳಲಿಲ್ಲ. ತನಗೇ ಅದು ಸೋಜಿಗವೆನಿಸಿತು.

ಅವಳು ಊರಿಗೆ ಮರಳಿದ ಮರುದಿನವೇ ಧನಪಾಲ ಕೊನೆಯ ಎಣಿಕೆಗೆ ಬಂದ. ಬಿಸಿಲಿಗೆ ಕೆಂಪಾಗಿದ್ದ ಮುಖ, ಹೆಗಲಿಗೆ ಚೀಲ. ಅವಳ ಕೈ ನೋಡಿದ.

"ಬಣ್ಣಾ ಬಾಳ ಚೊಲೊ ಕೂತೈತಿ" ಎಂದ.

"ಹೂಂ" ಎಂದಳು.

"ಯಾರ ಮದುವಿ ಅಂತ ಕಾರ್ಡಿನ್ಯಾಗ ಬರದಿರಲಿಲ್ಲ. ಎರಡು ದಿನಾ ನನಗ ಊಟ ಸೇರಲಿಲ್ಲ."

ಅವಳು ತಲೆಯೆತ್ತಿದಳು. ಅವನು ಆಗಲೇ ಮೊದಲ ಸಾಲಿನತ್ತ ನಡೆದಿದ್ದ. ಆದರೆ ಅವನ ಕಿವಿಯೂ ಕೆಂಪಾಗಿದ್ದು ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

ಇಬ್ಬರೂ ಸಾಲು ಸಾಲಾಗಿ ಎಣಿಸಿದರು. ಅವನು ಹೇಳುವುದು, ಅವಳು ಬರೆಯುವುದು. ಹೊಲ ತುಂಬಿ ನಿಂತಿತ್ತು, ಒಂದು ಸಾಲಿನಲ್ಲೂ ತೆರವಿರಲಿಲ್ಲ. ನಾಲ್ಕನೇ ಸಾಲಿಗೆ ಬಂದಾಗ ಧನಪಾಲ ಕುಕ್ಕರುಗಾಲಲ್ಲಿ ಕೂತ. ಹದಿನೇಳನೇ ಗಿಡ ಹಸಿರಾಗಿ, ನೆಟ್ಟಗೆ ನಿಂತಿತ್ತು.

"ಎದ್ದೈತಿ ನೋಡ್ರಿ ನಿಮ್ಮ ಗಿಡಾ. ಜಡ್ಡ ಬಂದು ಗೆದ್ದ ಗಿಡಾ ಇದು. ಇದರ ಬೀಜ ನಾ ಬಿಡೂದಿಲ್ಲ." ಚೀಲದಿಂದ ಕೆಂಪು ದಾರ ತೆಗೆದು ಅದರ ಟೊಂಗೆಗೆ ಕಟ್ಟಿದ. ಬೀಜಕ್ಕೆಂದು ಇನ್ನೂ ಹತ್ತಾರು ಗಿಡಕ್ಕೆ ಕಟ್ಟಿದ.

ಕೊನೆಯ ಸಾಲು ಮುಗಿದಾಗ ಅವಳ ಹಾಳೆಯಲ್ಲಿ ಸೊರಗಿದ ಗಿಡ ಹದಿನೈದು. ಅವನು ಅದನ್ನು ಎರಡು ಸಲ ನೋಡಿದ.

"ಇನ್ನೂರಾ ನಲವತ್ತರಾಗ ಹದಿನೈದು. ಹದಿನಾರಕ್ಕ ಒಂದು. ರಾಜಮತಿಯವ್ರ, ಎರಡು ಜೀನ್. ಒಂದ ಇರ್ತೈತಿ ಅಂತ ಎಲ್ಲಾರೂ ಅಂದಿದ್ರು. ನಮ್ಮ ಗೈಡ್ ಸಾಹೇಬರೂ ಅದನ್ನ ಅಂದಿದ್ರು."

ಇಷ್ಟು ಹತ್ತಿರದಿಂದ ಒಬ್ಬ ಮನುಷ್ಯ ಸಂತೋಷಪಡುವುದನ್ನು ಅವಳು ನೋಡಿರಲಿಲ್ಲ. ಅವನು ಟೋಪಿ ತೆಗೆದ, ಮತ್ತೆ ಹಾಕಿದ, ಮತ್ತೆ ತೆಗೆದ. ಆಮೇಲೆ ದನಿ ತಗ್ಗಿಸಿದ.

"ಇದು ಖರೆ ಆದ್ರ ಸಂಶೋಧನಾ ಕೇಂದ್ರದಾಗಿನ ನೌಕರಿಗೆ ನನ್ನ ಹೆಸರು ಹೇಳತೀನಿ ಅಂದಾರ ಸಾಹೇಬರು. ನೌಕರಿ ಆದ ಮ್ಯಾಲ... ನಿಮ್ಮ ಅಪ್ಪಾರಿಗೆ ಒಂದು ಮಾತು ಕೇಳೂದೈತಿ. ಏನಂತ ನಿಮಗ ಗೊತ್ತಿರಬೇಕು."

ಗೊತ್ತಿತ್ತು. ಅವಳು ಹಾಳೆಯ ಅಂಚನ್ನು ಸಣ್ಣಗೆ ಮಡಿಚಿದಳು, ಬಿಡಿಸಿದಳು. ಅಷ್ಟರಲ್ಲಿ ಅಪ್ಪ ಮನೆಯ ಕಟ್ಟೆಯಿಂದ ಕೂಗಿದರು. "ಬರ್ರಿ ಸಾಹೇಬ್ರ, ಹೊತ್ತ ಮುಳುಗೂದರಾಗ ಊಟಾ ಆಗ್ಬೇಕು. ನಿಮ್ಮ ಬಸ್ಸೂ ಐದೂವರಿಗೆ ಐತಿ."

ಅವನು ಹೋದ. ಅಂಕಿಗಳನ್ನು ಸ್ವಚ್ಛ ಬರೆದು ತರುವುದಾಗಿ ಅವಳು ಅಲ್ಲೇ ಉಳಿದಳು. ನಿಜ ಹೇಳಬೇಕೆಂದರೆ ಅವಳಿಗೆ ಹದಿನೇಳನೇ ಗಿಡದ ಹತ್ತಿರ ಸ್ವಲ್ಪ ಹೊತ್ತು ಕೂತುಕೊಳ್ಳಬೇಕಾಗಿತ್ತು. ಕೂತು, ಎಲೆಯೊಂದನ್ನು ಬೆರಳಿನಲ್ಲಿ ಸವರಿದಳು.

ಎಲೆ ಅಗಲವಾಗಿತ್ತು. ಒಂದು ತಿಂಗಳು ದಿನಾ ನೋಡಿದ ಎಲೆ ಅದಲ್ಲ. ಅದು ಸಣ್ಣ ಎಲೆಯ, ಅಂಚು ಮುದುಡಿದ ಗಿಡ. ಇದರ ಬುಡದ ಮಣ್ಣು ಬೆರಳಿಗೆ ಸಡಿಲವಾಗಿ ಸಿಕ್ಕಿತು.

"ಏನ ನೋಡಾಕತ್ತೀರಿ ಅಕ್ಕಾರ? ಹಚ್ಚಿದ್ದ ಗೊತ್ತ ಆಗತೈತೇನ್ರಿ?" ತಲೆಯ ಮೇಲೆ ಮೇವಿನ ಹೊರೆ ಹೊತ್ತು ಹೊರಟಿದ್ದ ಕಸ್ತೂರೆವ್ವ ನಿಂತಳು. ಆ ಹೊಲದ ಕೆಲಸವೆಲ್ಲ ಅವಳದೇ.

"ಏನ ಹಚ್ಚಿದ್ದು?"

"ಅಗಿ, ಟೊಮ್ಯಾಟೊ ಸಸಿ. ನೀವು ಅಥಣಿಗೆ ಹೋದ ಕೂಡಲೇ ಗಿಡಾ ಪಟಪಟ ಸಾಯಾಕ ಹತ್ತಿದ್ವು. ರಸ್ತಾದ ಮ್ಯಾಲಿನ ಹೊಲಾ, ಬಸ್ಸಿನ ಮಂದಿ ನೋಡತಾರ, ಪಾಟೀಲರ ಸಾಲು ಹಲ್ಲ ಬಿದ್ದ ಬಾಯಿ ಹಂಗ ಕಾಣಬಾರದು ಅಂದ್ರು ನಿಮ್ಮ ಅಪ್ಪಾರು. ಧಾರವಾಡದ ಸಾಹೇಬರು ಬ್ಯಾರೆ ಬರಾವ್ರು. ಸತ್ತವನ್ನ ಕಿತ್ತು ಬದುವಿಗೆ ಒಗದು, ಮನೀ ಹಿತ್ತಲದ ಜವಾರಿ ಅಗಿ ಹಚ್ಚೀನಿ, ಬುಡದ ಮಣ್ಣ ಸಮೇತ ಎತ್ತಿ ತಂದು. ಒಂದರ ಬಾಡೇತೇನ ನೋಡ್ರಿ. ಮೊನ್ನಿಂದ ಸೊರಗಿದ್ದ ಅಷ್ಟ ಕೀಳೂದು ಉಳದಾವು."

ಕಸ್ತೂರೆವ್ವನ ಮುಖದಲ್ಲಿ ಹೊಗಳಿಕೆಗೆ ಕಾದ ನಗೆ ಇತ್ತು. "ಚೊಲೊ ಹಚ್ಚೀ" ಎಂದಳು ರಾಜಮತಿ.

ಕೇಳದೆ ಬಿಟ್ಟ ಮಾತು ಈಗ ಎಲ್ಲಿಂದಲೋ ಎದ್ದು ಬಂತು. ಸತ್ತ ಗಿಡಾ ಕೀಳಬಾರದ್ರಿ, ಖಾಲಿ ಜಾಗಾ ಖಾಲೀನ ಇರಬೇಕು, ಮನ್ಯಾಗ ಎಲ್ಲಾರಿಗೂ ಹೇಳ್ರಿ. ಅಂದು ಅವನು ಬೆರಳು ಎತ್ತಿ ಹೇಳಿದ್ದ. ಅವಳು ಹೂಂ ಅಂದಿದ್ದಳು, ಹುಬ್ಬಿನ ಗುರುತು ನೋಡುತ್ತ. ಅಪ್ಪನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಸಾಲಿನಲ್ಲಿ ತೆರವು ಬಿಡುವ ರೈತ ಅವರಲ್ಲ. ಅದು ಗೊತ್ತಿದ್ದವಳು ಅವಳೊಬ್ಬಳೇ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಸ್ತೂರೆವ್ವನಿಗೆ ಇದು ಮೈಗೂಡಿದ ಕೆಲಸ, ಅಪ್ಪನಿಗೆ ಮರ್ಯಾದೆ. ಧನಪಾಲ ಎರಡು ಜೀನುಗಳನ್ನು ಹಿಡಿದುಕೊಂಡು ಧಾರವಾಡಕ್ಕೆ ಹೋಗುತ್ತಾನೆ. ನೌಕರಿ ಬರುತ್ತದೆ. ಯಾವುದೋ ಭಾನುವಾರ ಅವನ ಮನೆಯವರು ಇದೇ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ಅವಳು ತಟ್ಟೆ ಹಿಡಿದು ಹೊರಗೆ ಬರುತ್ತಾಳೆ. ಆ ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದರಲ್ಲಿ ಅವಳ ಸೀರೆಯ ಬಣ್ಣವೂ ಕಾಣುತ್ತಿತ್ತು.

ಕೆಂಪು ದಾರ ಗಾಳಿಗೆ ಅಲ್ಲಾಡಿತು. ಸೊರಗುವ ಜವಾರಿ ಗಿಡಕ್ಕೆ ಅವನು ಕೈಯಾರೆ ದಾರ ಕಟ್ಟಿದ್ದಾನೆ. ಇದರ ಬೀಜ ರೋಗ ಗೆದ್ದ ಬೀಜವೆಂದು ರಾಯಬಾಗಕ್ಕೆ, ಕಾಗವಾಡಕ್ಕೆ ಹೋಗುತ್ತದೆ. ಯಾರೋ ನಂಬಿ ಹೊಲಕ್ಕೆ ಹಾಕುತ್ತಾರೆ. ಮುಂದೊಂದು ದಿನ ಯಾರೋ ಇದೇ ಲೆಕ್ಕವನ್ನು ಮತ್ತೆ ಮಾಡುತ್ತಾರೆ, ಧನಪಾಲ ಸುಳ್ಳ ಎನ್ನುತ್ತಾರೆ.

ಅವಳು ಹಾಳೆ ಮಗುಚಿ ಮೊಣಕಾಲ ಮೇಲಿಟ್ಟು ಬರೆದಳು. 'ಇವೆಲ್ಲ ನಿಮ್ಮ ಗಿಡಗಳಲ್ಲ. ಸತ್ತವನ್ನು ಕಿತ್ತು ಆ ಜಾಗದಲ್ಲಿ ನಮ್ಮ ಮನೆಯ ಜವಾರಿ ಸಸಿ ನೆಟ್ಟಿದ್ದಾರೆ. ಹದಿನೇಳು ಕೂಡ. ಕೀಳಬಾರದೆಂದು ನೀವು ಹೇಳಿದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ತಪ್ಪು ಅಪ್ಪನದಲ್ಲ, ಕಸ್ತೂರೆವ್ವನದಲ್ಲ, ನನ್ನದು.'

ಊಟ ಮುಗಿಸಿ ಅವನು ಕಟ್ಟೆಗೆ ಬಂದಿದ್ದ. ಕೈಯಲ್ಲಿ ಅಡಿಕೆ ಚೂರು, ಮುಖದಲ್ಲಿ ಇನ್ನೂ ಅದೇ ಬೆಳಕು. ಅಪ್ಪ ಅವನಿಗೆ ಕಟ್ಟಿಕೊಡಲು ಬೆಲ್ಲ ತರಲೆಂದು ಒಳಗೆ ಹೋಗಿದ್ದರು. ರಾಜಮತಿ ಹಾಳೆ ಕೊಟ್ಟು, ಕಂಬ ಹಿಡಿದು ನಿಂತಳು.

ಅವನು ಓದಿದ. ಮತ್ತೆ ಓದಿದ. ಅಡಿಕೆ ಕೈಯಲ್ಲೇ ಉಳಿಯಿತು.

"ಕಿತ್ತ ಗಿಡಾ ಎಲ್ಲಿ ಹಾಕ್ಯಾರ?" ಎಂದ ಕಡೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಅವಳು ಬದುವಿನ ಕಡೆ ಕೈ ಮಾಡಿದಳು.

ಬದುವಿನ ಮೂಲೆಯಲ್ಲಿ ಒಣಗಿದ ಗಿಡಗಳ ಗುಡ್ಡೆ ಇತ್ತು. ಇಬ್ಬರೂ ಎದುರೆದುರು ಕೂತು, ಸಿಕ್ಕು ಬಿಡಿಸುತ್ತ ಒಂದೊಂದನ್ನೇ ಹೊರಗೆಳೆದರು. ಅವನು ಬ್ಲೇಡಿನಿಂದ ಕಾಂಡ ಸೀಳುತ್ತಿದ್ದ. ಒಳಗೆ ಕಂದು ಗೆರೆ, ಪ್ರತಿಯೊಂದರಲ್ಲೂ. ಅವಳು ಅವನ್ನು ಹತ್ತತ್ತರಂತೆ ಸಾಲಾಗಿ ಇಡುತ್ತಿದ್ದಳು. ಒಮ್ಮೆ ಇಬ್ಬರ ಬೆರಳೂ ಒಂದೇ ಬೇರನ್ನು ಹಿಡಿದವು. ಇಬ್ಬರೂ ಬಿಟ್ಟುಬಿಟ್ಟರು. ಗಿಡ ನಡುವೆ ಬಿತ್ತು.

"ಎದುರ ನಿಂತು ಹೂಂ ಅಂದ್ರಲ್ಲರಿ ಅವತ್ತ" ಎಂದ ಅವನು, ಗಿಡ ಎತ್ತಿಕೊಳ್ಳುತ್ತ.

ಅವಳ ಕಣ್ಣು ಅವನ ಎಡಹುಬ್ಬಿಗೆ ಹೋಗಿ ಕೆಳಗಿಳಿಯಿತು. ಅವನು ಅದನ್ನು ನೋಡಿದ. ಏನು ಕಂಡನೋ, ಮತ್ತೆ ಕೇಳಲಿಲ್ಲ.

"ನಂದೂ ತಪ್ಪೈತಿ ಬಿಡ್ರಿ" ಎಂದ. "ಬುಡದ ಮಣ್ಣ ಸಡ್ಲ ಇದ್ದದ್ದ ನಾನೂ ನೋಡಿದ್ದೆ. ಬೇಕಾದ ಲೆಕ್ಕಾ ಸಿಕ್ಕಿತ್ತಲ್ಲ, ಹೆಚ್ಚ ನೋಡಲಿಲ್ಲ."

ನಲವತ್ತಮೂರು. ಹೊಲದಲ್ಲಿ ನಿಂತ ಹದಿನೈದು ಸೇರಿ ಐವತ್ತೆಂಟು. ಅವನು ಭಾಗಿಸಬೇಕಾಗಿರಲಿಲ್ಲ. ಹೆಚ್ಚು ಕಡಿಮೆ ನಾಲ್ಕಕ್ಕೆ ಒಂದು.

"ಒಂದ ಜೀನ್" ಎಂದು ಧನಪಾಲ ನಕ್ಕ. ಆ ನಗುವಿನಲ್ಲಿ ಮೊದಲಿನ ಹುರುಪಿರಲಿಲ್ಲ, ಆದರೆ ಕಹಿಯೂ ಇರಲಿಲ್ಲ. "ಎಲ್ಲಾರೂ ಅಂದಿದ್ದ ಒಂದ ಜೀನ್. ನಿಮ್ಮ ಅಪ್ಪಾರಿಗೆ ಇದ ಚೊಲೊ. ಒಂದ ಆದ್ರ ಜವಾರಿ ಹಣ್ಣಿಗೆ ಅದನ್ನ ಕೂಡಸೂದು ಹಗೂರ. ಐದಾರು ಬೆಳಿ ಹಿಡೀತೈತಿ, ಆದರ ಆಗತೈತಿ. ಸೊರಗಲಾರದ ಜವಾರಿ ಟೊಮ್ಯಾಟೊ."

"ಮತ್ತ ನಿಮಗ?" ಆ ಪ್ರಶ್ನೆ ತನ್ನ ಬಾಯಿಂದಲೇ ಬಂದದ್ದು ಅವಳಿಗೆ ತಡವಾಗಿ ತಿಳಿಯಿತು.

"ನನಗ ಇನ್ನೊಂದು ಸಲ ಮೊದಲಿಂದ ಹಚ್ಚೂದು. ಹಿಂಗ ಬದುವಿನ ಮ್ಯಾಲ ಎಣಿಸಿದ್ದ ಲೆಕ್ಕಾ ಯಾರೂ ಒಪ್ಪೂದಿಲ್ಲ." ಅವನು ಎದ್ದು ಪ್ಯಾಂಟಿನ ಮಣ್ಣು ಕೊಡವಿದ. ಒಂದೊಂದಾಗಿ ಗಿಡಗಳ ಕೆಂಪು ದಾರ ಬಿಚ್ಚಿ ಕಿಸೆಗೆ ಹಾಕಿಕೊಂಡ. ದೂರದಲ್ಲಿ ನಿಪ್ಪಾಣಿಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿತು. "ಮುಂದಿನ ಸಲ ನಮ್ಮ ಮುಗಳಖೋಡದ ಹೊಲದಾಗ ಹಚ್ಚತೀನ್ರಿ. ನಿಮಗ ಮತ್ತ ತ್ರಾಸ ಕೊಡೂದಿಲ್ಲ. ಆ ನೌಕರಿ ಮಾತು ಈಗ ಮುಗೀತು. ಹಂಗಾಗಿ ಅಪ್ಪಾರಿಗೆ ಕೇಳೂ ಮಾತೂ... ಬರಿಗೈಲೇ ಹ್ಯಾಂಗ ಕೇಳಲಿ? ವರ್ಷ ಹೋಗಲಿ, ಎರಡು ವರ್ಷ ಹೋಗಲಿ. ಅಷ್ಟರಾಗ ನಿಮಗ ಚೊಲೊ ಮನಿತನ ಬಂದ್ರ ನೀವು ಕಾಯಬ್ಯಾಡ್ರಿ."

ಅಪ್ಪ ಬೆಲ್ಲದ ಗಂಟು ಹಿಡಿದು ಕಟ್ಟೆ ಇಳಿದು ಬರುತ್ತಿದ್ದರು. "ಏನ್ರಿ ಸಾಹೇಬ್ರ, ಒಣಾ ಗಿಡದಾಗ ಏನ ಹುಡುಕಾಕತ್ತೀರಿ? ಬಸ್ ಬಂತ ನೋಡ್ರಿ."

ಧನಪಾಲ ಚೀಲ ಹೆಗಲಿಗೇರಿಸಿದ. ರಾಜಮತಿ ಎದ್ದು ನಿಂತಳು. ಕೈಯ ಮೆಹಂದಿಯ ಮೇಲೆ ಮಣ್ಣು ಮೆತ್ತಿತ್ತು. ಡೈರಿ ಒಳಗೆ ಗೂಡಿನಲ್ಲಿತ್ತು, ಬರೆದ ಹಾಳೆ ಅವನ ಕಿಸೆಯಲ್ಲಿತ್ತು. ಅವಳ ಹತ್ತಿರ ಬರೆಯಲು ಏನೂ ಇರಲಿಲ್ಲ. ಬಸ್ಸು ಕಬ್ಬಿನ ತಿರುವು ದಾಟಿತು. ಅಪ್ಪ ಹತ್ತು ಹೆಜ್ಜೆ ದೂರದಲ್ಲಿದ್ದರು, ಅವರಿಗೂ ಕೇಳಿಸುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

"ಮುಗಳಖೋಡದಾಗ ಬ್ಯಾಡ್ರಿ, ಇಲ್ಲೇ ಹಚ್ಚರಿ" ಎಂದಳು. ಮಾತು ಅಲ್ಲಿಗೇ ನಿಲ್ಲಲಿಲ್ಲ. "ಅಪ್ಪಾಗ ಕೇಳೂದನ್ನ ನೌಕರಿ ಬರೂತನಕ ಇಡಬ್ಯಾಡ್ರಿ. ಇವತ್ತ ಕೇಳ್ರಿ. ನನಗ ನೀವು ಬೇಕು."